ಸೋರುವ ಫೋರ್ಕಿಗೆ ಪಿವಿಸಿ ಪೈಪಿನ ಮದ್ದು

ಬೈಕಿನ ಮುಂದಿನ ಫೋರ್ಕ್ ಸೋರತೊಡಗಿದರೆ ಮೊದಲು ಸುಳಿವು ಕೊಡುವುದು ಧೂಳು. ಹೊಳೆಯುವ ಪೈಪಿನ ಮೇಲೆ, ಧೂಳು ತಡೆಯುವ ಡಸ್ಟ್ ಸೀಲಿನ ಅಂಚಿಗಿಂತ ತುಸು ಮೇಲೆ, ಎಣ್ಣೆ ಕುಡಿದ ಧೂಳಿನ ಕಪ್ಪು ಉಂಗುರವೊಂದು ಕಾಣಿಸಿಕೊಳ್ಳುತ್ತದೆ. ಒರೆಸಿದರೆ ಹೋಗುತ್ತದೆ, ನಾಲ್ಕು ಹಂಪ್ ದಾಟುವಷ್ಟರಲ್ಲಿ ಮತ್ತೆ ಬರುತ್ತದೆ. ಹಾಗೇ ಬಿಟ್ಟರೆ ಎಣ್ಣೆ ಕೆಳಕ್ಕಿಳಿದು, ಡಿಸ್ಕ್ ಬ್ರೇಕ್ ಇರುವ ಕಡೆಯಾದರೆ ಕ್ಯಾಲಿಪರ್ ಮೇಲೆ ತೊಟ್ಟಿಕ್ಕುತ್ತದೆ. ಅಲ್ಲಿಗೆ ವಿಷಯ ಬರೀ ಕೊಳೆಯದಾಗಿ ಉಳಿಯುವುದಿಲ್ಲ. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಹಿಡಿಯುವುದೇ ಇಲ್ಲ.

‘ಆಯಿಲ್ ಸೀಲ್ ಹೋಗಿದೆ ಸಾರ್, ಎರಡೂ ಕಡೆ ಹಾಕಿಸಿಬಿಡಿ’ ಎನ್ನುತ್ತಾರೆ ಮೆಕ್ಯಾನಿಕ್. ಹೇಳುವುದು ಸರಿಯೇ. ಸಣ್ಣ ಬೈಕುಗಳ ಸೀಲ್ ಜೋಡಿ ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಯಲ್ಲೋ ಕೆಲವು ನೂರು ರೂಪಾಯಿಗೆ ಸಿಗುವ ಸಾಮಾನು. ಖರ್ಚಾಗುವುದು ಕೂಲಿಗೆ ಮತ್ತು ಬೈಕಿಲ್ಲದೆ ಕಳೆಯುವ ದಿನಕ್ಕೆ. ಮನೆಯಲ್ಲೇ ಮಾಡೋಣವೆಂದು ಸರ್ವೀಸ್ ಮ್ಯಾನ್ಯುಯಲ್ ತೆರೆದವರು ಅಲ್ಲಿರುವ ವಿಶೇಷ ಉಪಕರಣಗಳ ಪಟ್ಟಿ ನೋಡಿಯೇ ಅದನ್ನು ಮುಚ್ಚಿಡುತ್ತಾರೆ. ಸೀಲ್ ಡ್ರೈವರ್, ಡ್ಯಾಂಪರ್ ರಾಡ್ ಹೋಲ್ಡರ್, ಸೀಲ್ ರಿಮೂವರ್, ಆಯಿಲ್ ಲೆವೆಲ್ ಗೇಜ್. ಹೆಸರುಗಳು ಭಾರಿ, ಮಾಡುವ ಕೆಲಸ ಮಾತ್ರ ಒಂದೊಂದೇ. ಒಂದು ಸಮನಾಗಿ ತಳ್ಳುತ್ತದೆ, ಒಂದು ತಿರುಗದಂತೆ ಹಿಡಿಯುತ್ತದೆ, ಒಂದು ಮೀಟುತ್ತದೆ, ಒಂದು ಅಳೆಯುತ್ತದೆ. ಇಷ್ಟು ತಿಳಿದರೆ ಮೊದಲ ಮೂರಕ್ಕೆ ಹಿತ್ತಲಲ್ಲೇ ಬದಲಿ ಸಿಕ್ಕೀತು. ನಾಲ್ಕನೆಯದಕ್ಕೂ ಸಿಗುತ್ತದೆ, ಆದರೆ ಆ ಬದಲಿಯೂ ಅಳೆಯಲೇಬೇಕು. ಕಣ್ಣಂದಾಜು ಅಲ್ಲಿ ನಡೆಯದು.

ಫೋರ್ಕಿನ ಒಂದೊಂದು ಕಾಲೂ ಸೈಕಲ್ ಪಂಪಿನಂತೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಮೇಲಿನದು ಕ್ರೋಮ್ ಲೇಪಿಸಿದ ಉಕ್ಕಿನ ಫೋರ್ಕ್ ಪೈಪ್. ಕೆಳಗಿನದು ಅಲ್ಯೂಮಿನಿಯಂ ಎರಕದ ಬಾಟಮ್ ಕೇಸ್, ಚಕ್ರದ ಆಕ್ಸಲ್ ಕೂರುವುದು ಇದರ ತುದಿಯಲ್ಲಿ. ಒಳಗೆ ಉದ್ದನೆಯ ಸ್ಪ್ರಿಂಗ್, ಅದರ ಕೆಳಗೆ ಸಣ್ಣ ತೂತುಗಳಿರುವ ಡ್ಯಾಂಪರ್ ರಾಡ್, ಸುತ್ತ ಎಣ್ಣೆ. ಗುಂಡಿಗೆ ಬಿದ್ದಾಗ ಹೊಡೆತ ತಿನ್ನುವುದು ಸ್ಪ್ರಿಂಗ್. ತಿಂದದ್ದನ್ನು ಅದು ಒಮ್ಮೆಲೇ ಕಕ್ಕದಂತೆ ತಡೆಯುವುದು ತೂತುಗಳ ಮೂಲಕ ಕಷ್ಟಪಟ್ಟು ನುಗ್ಗುವ ಎಣ್ಣೆ. ಈ ಎಣ್ಣೆ ಮೇಲಿನಿಂದ ಹೊರಬರದಂತೆ ಕಾಯುವುದೇ ಆಯಿಲ್ ಸೀಲ್. ಲೋಹದ ಬಳೆಯ ಮೇಲೆ ನೈಟ್ರೈಲ್ ರಬ್ಬರಿನ ತುಟಿ, ಆ ತುಟಿ ಪೈಪನ್ನು ಅಪ್ಪಿ ಹಿಡಿಯಲು ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತು.

ಬೈಕಿಗೆ ಈ ಎಣ್ಣೆಯ ಫೋರ್ಕ್ ಬಂದದ್ದು 1935ರಲ್ಲಿ. ಬಿಎಂಡಬ್ಲ್ಯುವಿನ ಆರ್12 ಮತ್ತು ಆರ್17 ಮಾದರಿಗಳು ಎಣ್ಣೆಯಿಂದ ಕುಲುಕಾಟ ತಡೆಯುವ ಟೆಲಿಸ್ಕೋಪಿಕ್ ಫೋರ್ಕ್ ಹೊತ್ತು ಮಾರುಕಟ್ಟೆಗೆ ಬಂದ ಮೊದಲಿಗರು. ಅದಕ್ಕೂ ಮೊದಲು ಹೆಚ್ಚಿನ ಬೈಕುಗಳಲ್ಲಿದ್ದದ್ದು ಗರ್ಡರ್ ಫೋರ್ಕ್. ಅದರಲ್ಲಿ ಕುಲುಕಾಟ ತಡೆಯುವುದು ಒಂದಕ್ಕೊಂದು ಉಜ್ಜುವ ಬಿಲ್ಲೆಗಳು; ಎಣ್ಣೆಯಿಲ್ಲದ ಮೇಲೆ ಸೋರುವುದೇನು? ಸೀಲಿನ ಕಥೆ ಇನ್ನೂ ಸ್ವಾರಸ್ಯದ್ದು. ಜರ್ಮನಿಯ ವೈನ್‌ಹೈಮ್ ಊರಿನಲ್ಲಿ ಚರ್ಮ ಹದ ಮಾಡುತ್ತಿದ್ದ ಫ್ರಾಯ್ಡನ್‌ಬರ್ಗ್ ಕಂಪನಿ 1929ರಲ್ಲಿ ವಾಲ್ಟರ್ ಸಿಮರ್ ಎಂಬ ಎಂಜಿನಿಯರ್ ಹೆಸರು ಹೊತ್ತ ‘ಸಿಮರಿಂಗ್’ ತಯಾರಿಸಿತು. ಲೋಹದ ಕವಚದೊಳಗೆ ಚರ್ಮದ ತುಟಿ. ಮುಂದೆ ಚರ್ಮದ ಜಾಗಕ್ಕೆ ಕೃತಕ ರಬ್ಬರ್ ಬಂತು. ಇವತ್ತು ನಮ್ಮ ಬೈಕುಗಳಲ್ಲಿರುವ ಸೀಲ್ ಅದೇ ವಂಶದ್ದು.

ಕಾರ್ಖಾನೆಯ ಉಪಕರಣವಿಲ್ಲದೆ ಕೆಲಸ ಮಾಡುವುದು ಕರ್ನಾಟಕದ ಹಳೆ ಬೈಕುಗಳ ಮಾಲೀಕರಿಗೆ ಹೊಸದಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದು ಹೊರತಂದ ಜಾವಾ, ಯೆಜ್ಡಿಗಳು ಮಾತ್ರ ರಸ್ತೆ ಬಿಡಲಿಲ್ಲ. ಜಾವಾ ಹೆಸರಿನ ಹೊಸ ಬೈಕು ಬಂದದ್ದು 2018ರಲ್ಲಿ. ನಡುವಿನ ಅಷ್ಟೂ ವರ್ಷ ಹಳೆಯ ಗಾಡಿಗಳನ್ನು ಓಡಿಸಿದ್ದು ಪರಿಣತ ಮೆಕ್ಯಾನಿಕ್‌ಗಳ ಕೈ, ಲೇತ್ ಅಂಗಡಿ ಮತ್ತು ಗುಜರಿ.

ಸೀಲ್ ಹಾಳಾಗುವುದೇಕೆ? ವಯಸ್ಸಾಗಿ ರಬ್ಬರ್ ಗಟ್ಟಿಯಾಗುವುದು ಒಂದು ಕಾರಣ. ಅದಕ್ಕಿಂತ ಬೇಗ ಅದನ್ನು ಕೊಲ್ಲುವುದು ಕೆಸರು. ಪೈಪಿನ ಮೇಲೆ ಒಣಗಿದ ಮಣ್ಣು ಫೋರ್ಕ್ ಕುಗ್ಗಿದಾಗ ತುಟಿಯ ಕೆಳಗೆ ನುಸುಳಿ ಅಲ್ಲೇ ಉಳಿದುಬಿಡುತ್ತದೆ. ಕರಾವಳಿಯಲ್ಲಿ ಇನ್ನೊಂದು ಕಾಟ, ತುಕ್ಕು. ಉಪ್ಪುಗಾಳಿಗೆ ಕ್ರೋಮ್ ಅಲ್ಲಲ್ಲಿ ಗುಳ್ಳೆಯೆದ್ದು ಉದುರಿದರೆ ಆ ಗುಂಡಿಯ ಅಂಚು ಪ್ರತಿ ಸಲ ಕುಗ್ಗಿದಾಗಲೂ ರಬ್ಬರನ್ನು ಹೆರೆಯುತ್ತದೆ. ಅಂಥ ಪೈಪಿಗೆ ಎಷ್ಟು ಹೊಸ ಸೀಲ್ ಹಾಕಿದರೂ ತಿಂಗಳೊಪ್ಪತ್ತಿನ ಸುಖ ಅಷ್ಟೆ.

ಆದ್ದರಿಂದ ಬಿಚ್ಚುವ ಮೊದಲು ಒಂದು ಅಗ್ಗದ ಪ್ರಯೋಗ ಮಾಡಿ ನೋಡಬಹುದು. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ತುದಿಯ ಒಂದು ಮಗ್ಗುಲಲ್ಲಿ ಸಣ್ಣ ಕೊಕ್ಕೆಯಾಕಾರ ಮಾಡಿ, ಅಂಚನ್ನು ನುಣುಪಾಗಿಸಬೇಕು. ಹಳೆಯ ಕ್ಯಾಮೆರಾ ನೆಗೆಟಿವ್ ಮನೆಯಲ್ಲಿದ್ದರೆ ಅದೂ ಆದೀತು. ಡಸ್ಟ್ ಸೀಲನ್ನು ಮೇಲೆತ್ತಿ, ಪೈಪಿಗೂ ಆಯಿಲ್ ಸೀಲಿಗೂ ನಡುವೆ ಪಟ್ಟಿ ತೂರಿಸಿ, ಸುತ್ತಲೂ ಒಮ್ಮೆ ಆಡಿಸಿ ಹೊರತೆಗೆದರೆ ಕಪ್ಪು ಮರಳು ಅಂಟಿಕೊಂಡು ಬರುತ್ತದೆ. ಪೈಪ್ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹತ್ತಾರು ಸಲ ಒತ್ತಿ, ಮತ್ತೆ ಆಡಿಸಿ ನೋಡಬೇಕು. ಸೋರುವುದಕ್ಕೆ ಕಾರಣ ಕಸವೇ ಆಗಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ತುಟಿ ಹರಿದಿದ್ದರೆ ಮಾತ್ರ ಬಿಚ್ಚದೆ ವಿಧಿಯಿಲ್ಲ.

ಬಿಚ್ಚುವಾಗ ಮೊದಲ ತೊಡಕು ಬೈಕನ್ನು ಎತ್ತಿ ನಿಲ್ಲಿಸುವುದು. ಸೆಂಟರ್ ಸ್ಟ್ಯಾಂಡ್ ಹಾಕಿ ಎಂಜಿನ್ ಕೆಳಗೆ ಮರದ ದಿಮ್ಮಿ ಇಟ್ಟರೆ ಸಾಕು ಎಂದು ಹಲವರ ನಂಬಿಕೆ. ಮುಂದಿನ ಚಕ್ರ ಹೋದ ಮೇಲೆ ಬೈಕಿನ ತೂಕ ಎತ್ತ ವಾಲೀತೆಂದು ಹೇಳಲಾಗದು. ದಿಮ್ಮಿಯ ಜೊತೆಗೆ ಫ್ರೇಮಿಗೆ ಹಗ್ಗ ಬಿಗಿದು ಮೇಲಿನ ಗಟ್ಟಿ ತೊಲೆಗೋ ಕಬ್ಬಿಣದ ಕೊಕ್ಕೆಗೋ ಕಟ್ಟುವುದು ಕ್ಷೇಮ. ಚಕ್ರ ಕಳಚಿದ ಮೇಲೆ ಬ್ರೇಕ್ ಕ್ಯಾಲಿಪರನ್ನು ಅದರ ಹೋಸಿನಲ್ಲಿ ಜೋತಾಡಲು ಬಿಡದೆ ದಾರದಲ್ಲಿ ಕಟ್ಟಿ ನೇತುಹಾಕಬೇಕು. ಪ್ಯಾಡುಗಳ ನಡುವೆ ರಟ್ಟಿನ ಮಡಿಕೆ ಇರಲಿ. ಮನೆಯ ಮಕ್ಕಳು ಬಂದು ಬ್ರೇಕ್ ಲಿವರ್ ಹಿಂಡುವುದು ಇಂಥ ಹೊತ್ತಲ್ಲೇ.

ಇಲ್ಲಿ ಕ್ರಮ ತಪ್ಪಿದರೆ ಕೆಲಸ ಎರಡು ಪಾಲು. ಫೋರ್ಕನ್ನು ಹಿಡಿದಿರುವ ಮೇಲಿನ ಪ್ಲೇಟಿನ ಬೋಲ್ಟ್ ಸಡಿಲಿಸಿ, ಕೆಳಗಿನದು ಬಿಗಿಯಾಗಿರುವಾಗಲೇ ಪೈಪಿನ ತಲೆಯ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿಡಬೇಕು. ಫೋರ್ಕ್ ಕೈಗೆ ಬಂದ ಮೇಲೆ ಆ ಮುಚ್ಚಳ ಜಪ್ಪಯ್ಯ ಎಂದರೂ ಅಲುಗದು. ಬಾಟಮ್ ಕೇಸಿನ ಬುಡದಲ್ಲಿ, ಒಳಕ್ಕೆ ಹುದುಗಿರುವ ಅಲೆನ್ ಬೋಲ್ಟನ್ನೂ ಈಗಲೇ ಸಡಿಲಿಸುವುದು ಜಾಣತನ. ಈ ಬೋಲ್ಟು ಹಿಡಿದಿರುವುದು ಒಳಗಿನ ಡ್ಯಾಂಪರ್ ರಾಡನ್ನು. ಸ್ಪ್ರಿಂಗ್ ಒಳಗಿದ್ದು ರಾಡನ್ನು ಅದುಮಿರುವವರೆಗೆ ಬೋಲ್ಟ್ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಬೋಲ್ಟ್ ತಿರುಗಿಸಿದರೆ ಒಳಗೆ ರಾಡೂ ಅದರ ಜೊತೆ ಗಿರಗಿರ ತಿರುಗುತ್ತದೆ, ಬಿಚ್ಚುವುದು ಮಾತ್ರ ಇಲ್ಲ. ಈ ಪೇಚಿಗಾಗಿಯೇ ಕಂಪನಿಯವರು ಟಿ ಆಕಾರದ ಹೋಲ್ಡರ್ ಕೊಡುತ್ತಾರೆ. ಅದಿಲ್ಲದವರು ಹಳೆ ಕಸಬರಿಗೆಯ ಮರದ ಹಿಡಿಯ ತುದಿಯನ್ನು ಪೆನ್ಸಿಲಿನಂತೆ ಚೂಪು ಮಾಡಿ, ಪೈಪಿನ ಮೇಲಿಂದ ಇಳಿಸಿ, ರಾಡಿನ ತಲೆಯೊಳಗೆ ಒತ್ತಿ ಸಿಕ್ಕಿಸುತ್ತಾರೆ. ಒಬ್ಬರು ಹಿಡಿಯನ್ನು ಅದುಮಿ ಹಿಡಿದರೆ ಇನ್ನೊಬ್ಬರು ಅಲೆನ್ ಕೀ ತಿರುಗಿಸಬಹುದು. ಮೃದು ಮರವಾದರೆ ಒಳ್ಳೆಯದು, ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಚೂರು ಒಳಗೆ ಉಳಿಯದಂತೆ ಆಮೇಲೆ ತೊಳೆಯುವುದು ಮರೆಯಬಾರದು.

ಮುಚ್ಚಳ ಪೂರ್ತಿ ಬಿಚ್ಚುವಾಗ ಮುಖ ಅದರ ನೇರಕ್ಕೆ ಇರಬಾರದು. ಕೆಳಗೆ ಅದುಮಿಟ್ಟ ಸ್ಪ್ರಿಂಗಿದೆ; ಕೊನೆಯ ಎಳೆ ಬಿಟ್ಟ ಕ್ಷಣ ಮುಚ್ಚಳ ಹಾರುತ್ತದೆ. ಕೈಯಲ್ಲಿ ಒತ್ತಿಹಿಡಿದೇ ತಿರುಗಿಸಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಹೊರಬರುವ ಹಳೆ ಎಣ್ಣೆ ಬೂದು ಬಣ್ಣದ್ದು, ವಾಸನೆ ಕೊಳೆತ ಮೀನಿನದ್ದು. ಹಿಡಿದಿಡಲು ಮುಚ್ಚಳವಿರುವ ಡಬ್ಬಿ ಸಿದ್ಧವಿರಲಿ.

ಡಸ್ಟ್ ಸೀಲನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಅದರ ಕೆಳಗಿನ ತಂತಿಯ ಲಾಕನ್ನು ಚೂಪು ತುದಿಯಿಂದ ಎತ್ತಿ ತೆಗೆದರೆ ಆಯಿಲ್ ಸೀಲ್ ಎದುರಾಗುತ್ತದೆ. ಕೆಲವರು ಲಾಕ್ ಇದೆಯೆಂಬುದೇ ತಿಳಿಯದೆ ಸೀಲಿನ ಜೊತೆ ಕುಸ್ತಿಗಿಳಿಯುತ್ತಾರೆ. ಮುಂದಿನ ದಾರಿ ಎರಡು. ಒಳಗೆ ಬುಷ್ ಇರುವ ದೊಡ್ಡ ಫೋರ್ಕುಗಳಲ್ಲಿ ಪೈಪನ್ನು ಕುಗ್ಗಿಸಿ ರಭಸದಿಂದ ಹೊರಕ್ಕೆಳೆದರೆ ಪೈಪಿನ ಬುಷ್ಷೇ ಸುತ್ತಿಗೆಯಾಗಿ ಸೀಲನ್ನು ತಳ್ಳಿಕೊಂಡು ಬರುತ್ತದೆ. ನಾಲ್ಕೈದು ಜಗ್ಗಾಟ ಬೇಕು. ಬುಷ್ ಇಲ್ಲದ ಸಣ್ಣ ಬೈಕುಗಳಲ್ಲಿ ಪೈಪ್ ಸಲೀಸಾಗಿ ಹೊರಬರುತ್ತದೆ, ಸೀಲ್ ಅಲ್ಲೇ ಕೂತಿರುತ್ತದೆ. ಅದನ್ನು ಮೀಟಿಯೇ ಎಬ್ಬಿಸಬೇಕು.

ಮೀಟುವಾಗ ಬಾಟಮ್ ಕೇಸಿನ ಅಂಚಿಗೆ ಗಾಯವಾದರೆ ಸೀಲ್ ಬದಲಿಸಿಯೂ ಪ್ರಯೋಜನವಿಲ್ಲ. ಹೊಸದರ ಹೊರಮೈಯ ಸುತ್ತ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ಮತ್ತು ಅಂಚಿನ ನಡುವೆ ಮರದ ತುಂಡನ್ನೋ ದಪ್ಪ ಬಟ್ಟೆಯನ್ನೋ ಇಟ್ಟು, ಒಂದೇ ಕಡೆ ಮೀಟದೆ ಸುತ್ತಲೂ ಸ್ವಲ್ಪ ಸ್ವಲ್ಪ ಎಬ್ಬಿಸಬೇಕು. ಜಗ್ಗದಿದ್ದರೆ ಬಿಸಿನೀರಿನ ಸಹಾಯ ಪಡೆಯಬಹುದು. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿಗಿಂತ ಸುಮಾರು ಎರಡರಷ್ಟು. 40 ಮಿಲಿಮೀಟರ್ ಅಗಲದ ಬಾಯಿ 60 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಕೇಸು ಸೀಲಿನ ಉಕ್ಕಿನ ಬಳೆಗಿಂತ ಮಿಲಿಮೀಟರಿನ ನೂರರಲ್ಲಿ ಎರಡೂವರೆ ಪಾಲಿನಷ್ಟು ಹೆಚ್ಚು ಹಿಗ್ಗುತ್ತದೆ. ಕೇಳಲು ಕ್ಷುಲ್ಲಕ, ಆದರೆ ಬಿಗಿಯಾಗಿ ಕೂತ ಬಳೆಗೆ ಅಷ್ಟು ಸಡಿಲವೇ ಬೇಕಾದದ್ದು. ಕುದಿನೀರಲ್ಲಿ ಅದ್ದಿದ ಬಟ್ಟೆಯನ್ನು, ಕೈಗವಸು ತೊಟ್ಟು, ಎರಡು ಮೂರು ಸಲ ಸುತ್ತಿದರೆ ಸಾಕು. ಗ್ಯಾಸ್ ಟಾರ್ಚ್ ಹಚ್ಚುವ ಶೂರರೂ ಇದ್ದಾರೆ. ಬಣ್ಣ ಸುಟ್ಟು, ಒಳಗೆ ಉಳಿದ ಎಣ್ಣೆ ಹೊತ್ತಿಕೊಂಡರೆ ಆ ಶೌರ್ಯದ ಬೆಲೆ ಹೊಸ ಫೋರ್ಕ್.

ಹೊಸ ಸೀಲ್ ಹಾಕುವ ಆತುರದಲ್ಲಿ ಪೈಪನ್ನು ನೋಡದೆ ಬಿಡುವವರೇ ಬಹಳ. ಉಗುರನ್ನು ಮೇಲಿಂದ ಕೆಳಕ್ಕೆ ಎಳೆದಾಗ ಎಲ್ಲಾದರೂ ತಡೆದರೆ ಅಲ್ಲಿ ಗೀರೋ ಗುಂಡಿಯೋ ಇದೆ. ಅದು ಸೀಲ್ ಓಡಾಡುವ ಹಾದಿಯಲ್ಲಿದ್ದರೆ ಮಾತ್ರ ಚಿಂತೆ. ಪ್ಲೇಟುಗಳ ನಡುವಿನ ತುಕ್ಕು ಎಷ್ಟಿದ್ದರೂ ಎಣ್ಣೆ ಸೋರಿಸದು. ಸಣ್ಣ ಗೀರಿನ ಚೂಪನ್ನು 1500 ಅಥವಾ 2000 ನಂಬರಿನ ಎಮರಿ ಪೇಪರ್ ನೀರಲ್ಲಿ ಅದ್ದಿ, ಪೈಪಿನ ಸುತ್ತಲೂ ಉಜ್ಜಿ ಕಳೆಯಬಹುದು. ಉದ್ದಕ್ಕೆ ಉಜ್ಜಿದರೆ ಎಣ್ಣೆ ಹೊರಬರಲು ನಾವೇ ಕಾಲುವೆ ತೋಡಿಕೊಟ್ಟಂತೆ. ತುಕ್ಕಿನ ಗುಂಡಿಗೆ ಎಪಾಕ್ಸಿ ಅಂಟು ತುಂಬಿ, ಒಣಗಿಸಿ, ನುಣುಪು ಮಾಡುವವರಿದ್ದಾರೆ. ಕೆಲ ಕಾಲ ನಡೆಯುತ್ತದೆ. ಶಾಶ್ವತ ಪರಿಹಾರ ಹೊಸ ಪೈಪ್, ಇಲ್ಲವೇ ಬೆಂಗಳೂರಿನ ಪೀಣ್ಯದಂಥ ಕಡೆ ಹಾರ್ಡ್ ಕ್ರೋಮ್ ಮಾಡಿಸುವುದು. ಪೈಪ್ ಬಾಗಿದೆಯೇ ಎಂದು ತಿಳಿಯಲು ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿದರಾಯಿತು. ಕೆಳಗಿನ ಸಂದಿನಲ್ಲಿ ಬೆಳಕು ಬಂದು ಬಂದು ಹೋದರೆ ಬಾಗಿದೆ. ಬಾಗಿದ ಪೈಪ್ ಮನೆಯ ರಿಪೇರಿಗೆ ದಕ್ಕುವುದಲ್ಲ.

ಇನ್ನು ಈ ಕೆಲಸದ ನಾಯಕ, ಪಿವಿಸಿ ಪೈಪ್. ಕಂಪನಿಯ ಸೀಲ್ ಡ್ರೈವರ್ ಎಂದರೆ ಫೋರ್ಕ್ ಪೈಪಿನ ಸುತ್ತ ಕೂತು, ಸೀಲಿನ ಹೊರ ಅಂಚನ್ನು ಮಾತ್ರ ಎಲ್ಲ ಕಡೆಯಿಂದ ಸಮನಾಗಿ ಒತ್ತುವ ಭಾರದ ಕೊಳವೆ. ನೀರಿನ ಪೈಪೂ ಅದನ್ನೇ ಮಾಡೀತು, ಅಳತೆ ಹೊಂದಿದರೆ. ಅದರ ಒಳಬಾಯಿ ಫೋರ್ಕ್ ಪೈಪಿಗಿಂತ ತುಸು ದೊಡ್ಡದು, ಹೊರಮೈ ಸೀಲಿನ ಗೂಡಿಗಿಂತ ತುಸು ಚಿಕ್ಕದು ಇರಬೇಕು. 30 ಮಿಲಿಮೀಟರ್ ಫೋರ್ಕಿಗೆ ಹೊರಸುತ್ತು 40 ಮಿಲಿಮೀಟರ್ ಇರುವ ಪಿವಿಸಿ ಹೆಚ್ಚಾಗಿ ಹೊಂದುತ್ತದೆ. ನಂಬಿ ಕೂರುವ ಬದಲು ಹಳೆ ಸೀಲನ್ನೇ ಜೇಬಿನಲ್ಲಿಟ್ಟು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅಳೆದು ತರುವುದು ಒಳಿತು. ತುದಿ ಓರೆಯಾಗಿ ಕೊಯ್ದರೆ ಸೀಲೂ ಓರೆಯಾಗಿ ಕೂರುತ್ತದೆ. ಪೈಪಿಗೆ ಕಾಗದ ಸುತ್ತಿ, ಅದರ ಅಂಚು ಅಂಚಿಗೆ ಕೂಡಿಸಿ ಗೆರೆ ಎಳೆದರೆ ನೇರವಾದ ಗುರುತು ಸಿಗುತ್ತದೆ. ಕೊಯ್ದ ಮೇಲೆ ಪುಡಿಯೆಲ್ಲ ಹೋಗುವಂತೆ ತೊಳೆದು ಒರೆಸಬೇಕು.

ಡ್ಯಾಂಪರ್ ರಾಡ್ ಒಳಗಿಟ್ಟು, ಪೈಪನ್ನು ಕೇಸಿಗೆ ಇಳಿಸಿ, ಬುಡದ ಬೋಲ್ಟನ್ನು ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿದ ಮೇಲೆ ಸೀಲಿನ ಸರದಿ. ಪೈಪಿನ ಮೇಲ್ತುದಿಗೆ ತೆಳು ಪ್ಲಾಸ್ಟಿಕ್ ಚೀಲ ಹೊದಿಸಿ, ಫೋರ್ಕ್ ಆಯಿಲ್ ಸವರಿ, ಅದರ ಮೇಲಿಂದ ಸೀಲನ್ನು ಜಾರಿಸಬೇಕು. ಇಲ್ಲದಿದ್ದರೆ ಪೈಪಿನ ಚೂಪು ಅಂಚು ಹೊಸ ತುಟಿಯನ್ನು ಹುಟ್ಟುವ ಮೊದಲೇ ಸೀಳುತ್ತದೆ. ಸಣ್ಣ ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆ, ಅಂದರೆ ಕೆಳಕ್ಕೆ. ಅದರ ಮೇಲೆ ಹಳೆ ಸೀಲನ್ನು ಒಂದು ಕಡೆ ಕತ್ತರಿಸಿ ಮೆತ್ತೆಯಾಗಿ ಇಟ್ಟು, ಪಿವಿಸಿ ಪೈಪ್ ಇಳಿಸಿ, ಮೇಲಿಂದ ರಬ್ಬರ್ ಸುತ್ತಿಗೆಯಲ್ಲಿ ನೇರವಾಗಿ ಬಡಿಯಬೇಕು. ಶಬ್ದವನ್ನು ಗಮನಿಸುವವರಿಗೆ ಗೊತ್ತಾಗುತ್ತದೆ: ಮೊದಮೊದಲು ಮಂದವಾಗಿ, ಸೀಲ್ ತಳ ಮುಟ್ಟಿದಾಗ ಗಟ್ಟಿಯಾಗಿ ಕೇಳಿಸುತ್ತದೆ. ಕಿವಿಯನ್ನೇ ನಂಬದೆ ಕಣ್ಣಲ್ಲೂ ನೋಡಬೇಕು. ಲಾಕ್ ಕೂರುವ ತೋಡು ಸುತ್ತಲೂ ಪೂರ್ತಿ ಕಂಡರೆ ಮಾತ್ರ ಸೀಲ್ ಕೂತಿದೆ ಎಂದರ್ಥ. ಒಳಗೆ ಇಣುಕಲು ಹಳೆ ಸೀಲನ್ನು ಹೊರತೆಗೆಯಬೇಕಲ್ಲ, ಅದಕ್ಕೇ ಮೊದಲೇ ಕತ್ತರಿಸಿದ್ದು.

ಇಲ್ಲಿಯವರೆಗೆ ಕೈಚಳಕ, ಇನ್ನು ಲೆಕ್ಕ.

ರಸ್ತೆ ಬದಿಯಲ್ಲಿ ಫೋರ್ಕಿಗೆ ಎಂಜಿನ್ ಆಯಿಲನ್ನೇ, ಅದೂ ಕೈಯಳತೆಯಲ್ಲಿ, ಸುರಿಯುವುದು ಅಪರೂಪವೇನಲ್ಲ. ಕೆಲವು ಹಳೆಯ ಬೈಕುಗಳ ಕೈಪಿಡಿಗಳೇ ಎಂಜಿನ್ ಆಯಿಲ್ ಹೇಳುತ್ತಿದ್ದದ್ದೂ ನಿಜ. ಈಗಿನ ಫೋರ್ಕಿನ ತೂತುಗಳು ಅದಕ್ಕೆ ಹೇಳಿದ ತೆಳುವಿನ ಎಣ್ಣೆಗೆ ತಕ್ಕಂತೆ ಕೊರೆದವು. ದಪ್ಪ ಎಣ್ಣೆ ಹಾಕಿದರೆ ಮುಂಭಾಗ ಮರಗಟ್ಟುತ್ತದೆ. ಪ್ರಮಾಣದ ತಪ್ಪು ಇನ್ನೂ ಕೆಟ್ಟದ್ದು. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗ್. ಫೋರ್ಕ್ ಚಾಚಿದಾಗ ಗಾಳಿಯ ಉದ್ದ 180 ಮಿಲಿಮೀಟರ್ ಎಂದಿಟ್ಟುಕೊಂಡರೆ, ಹಂಪ್ ಮೇಲೆ 120 ಕುಗ್ಗಿದಾಗ ಉಳಿಯುವುದು 60, ಒತ್ತಡ ಸುಮಾರು ಮೂರು ಪಟ್ಟು. ‘ಇರಲಿ ಸ್ವಲ್ಪ’ ಎಂದು 30 ಮಿಲಿಮೀಟರ್ ಎಣ್ಣೆ ಹೆಚ್ಚು ಹಾಕಿದರೆ ಗಾಳಿ 150ರಿಂದ 30ಕ್ಕೆ ಕುಗ್ಗುತ್ತದೆ, ಒತ್ತಡ ಐದು ಪಟ್ಟು. ಅಷ್ಟನ್ನೂ ತಡೆಯಬೇಕಾದವನು ಈಗಷ್ಟೇ ಕೂತ ಹೊಸ ಸೀಲ್. ಧಾರಾಳತನವೇ ಸೀಲಿಗೆ ಮುಳುವಾಗುವುದು ಹೀಗೆ.

ಆದ್ದರಿಂದ ಕೈಪಿಡಿಯಲ್ಲಿರುವ ಮಿಲಿಲೀಟರ್ ಲೆಕ್ಕವನ್ನು ಎರಡೂ ಕಾಲಿಗೆ ಪ್ರತ್ಯೇಕವಾಗಿ, ಗೆರೆ ಇರುವ ಪಾತ್ರೆಯಲ್ಲೇ ಅಳೆಯಬೇಕು. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜ್ ಇದಕ್ಕೆ ಹೇಳಿ ಮಾಡಿಸಿದ್ದು. ಕೈಪಿಡಿ ಪ್ರಮಾಣದ ಬದಲು ಮಟ್ಟವನ್ನು ಹೇಳಿದ್ದರೂ ಅದೇ ಸಿರಿಂಜಿಗೆ ತೆಳು ಕೊಳವೆ ಸಿಕ್ಕಿಸಿ, ಬೇಕಾದ ಆಳಕ್ಕೆ ಗುರುತು ಮಾಡಿ, ಸ್ಪ್ರಿಂಗ್ ಹಾಕುವ ಮೊದಲು ಪೈಪನ್ನು ಪೂರ್ತಿ ಕುಗ್ಗಿಸಿಟ್ಟು ಕೊಳವೆಯನ್ನು ಗುರುತಿನವರೆಗೆ ಇಳಿಸಿ ಹೆಚ್ಚಿನ ಎಣ್ಣೆ ಹೀರಿದರೆ ಮಟ್ಟ ತಾನಾಗಿ ಸರಿಹೋಗುತ್ತದೆ. ಅಳೆಯುವ ಮೊದಲು ಪೈಪನ್ನು ನಿಧಾನಕ್ಕೆ ಏರಿಳಿಸಿ ಒಳಗಿನ ಗುಳ್ಳೆ ಹೋಗಿಸಿರಬೇಕು.

ಬೋಲ್ಟ್ ಬಿಗಿಯುವುದಕ್ಕೂ ಇದೇ ಮಾತು. ಟಾರ್ಕ್ ರೆಂಚ್ ಇಲ್ಲದವರು ಲಗೇಜ್ ತೂಗುವ ಕೈ ತಕ್ಕಡಿಯನ್ನು ಸ್ಪ್ಯಾನರಿನ ತುದಿಗೆ ಕೊಕ್ಕೆ ಹಾಕಿ ಎಳೆಯಬಹುದು. ಬೋಲ್ಟಿನ ನಡುವಿನಿಂದ ಕೊಕ್ಕೆಗೆ 25 ಸೆಂಟಿಮೀಟರ್ ದೂರ ಇದ್ದು, ಸ್ಪ್ಯಾನರಿಗೆ ನೇರ ಅಡ್ಡಲಾಗಿ ಎಳೆದಾಗ ತಕ್ಕಡಿ 10 ಕಿಲೊ ತೋರಿಸಿದರೆ ಬಿದ್ದ ಬಿಗಿ ಸುಮಾರು 25 ನ್ಯೂಟನ್ ಮೀಟರ್. ಕೈಪಿಡಿಯ ಅಂಕಿಯನ್ನು ಹೀಗೆ ಕಿಲೊ ಲೆಕ್ಕಕ್ಕೆ ತಂದುಕೊಂಡರೆ ಅಲ್ಯೂಮಿನಿಯಂ ಎಳೆಗಳು ಉಳಿಯುತ್ತವೆ.

ಮರುಜೋಡಣೆಯಲ್ಲಿ ಎರಡೂ ಪೈಪುಗಳು ಮೇಲಿನ ಪ್ಲೇಟಿನಲ್ಲಿ ಒಂದೇ ಎತ್ತರಕ್ಕೆ ಇರಬೇಕು. ಆಕ್ಸಲ್ಲಿಗೆ ಒಂದು ಬದಿಯಲ್ಲಿ ಹಿಡಿಯುವ ಬೋಲ್ಟ್ ಇದ್ದರೆ ಅದನ್ನು ಕಡೆಗೆ, ಬೈಕನ್ನು ನೆಲಕ್ಕಿಳಿಸಿ ಮುಂಭಾಗವನ್ನು ಕೆಲವು ಸಲ ಒತ್ತಿದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಕಾಲುಗಳು ಒಂದಕ್ಕೊಂದು ಸೆಣಸುತ್ತ ಹೊಸ ಸೀಲನ್ನು ಒಂದು ಮಗ್ಗುಲಿಗೇ ಸವೆಸುತ್ತವೆ. ಡಿಸ್ಕಿಗೆ ಎಣ್ಣೆ ತಗುಲಿದ್ದರೆ ಬ್ರೇಕ್ ಕ್ಲೀನರಿನಿಂದ ಒರೆಸಬೇಕು, ತೋಯ್ದ ಪ್ಯಾಡನ್ನು ಬದಲಿಸಲೇಬೇಕು. ಗೇಟು ದಾಟುವ ಮೊದಲು ಲಿವರ್ ಗಟ್ಟಿಯಾಗುವ ತನಕ ಹಿಂಡುವುದು ಕಡ್ಡಾಯ, ಏಕೆಂದರೆ ಹೊಸದಾಗಿ ಕೂರಿಸಿದ ಕ್ಯಾಲಿಪರ್ ಮೊದಲ ಒಂದೆರಡು ಸಲ ಹಿಂಡಿದಾಗ ಹಿಡಿಯುವುದಿಲ್ಲ.

ಇಷ್ಟೆಲ್ಲ ಅನ್ವಯಿಸುವುದು ಹಳೆ ಪದ್ಧತಿಯ ಸಾದಾ ಫೋರ್ಕಿಗೆ. ಕೆಟಿಎಂ ಡ್ಯೂಕಿನಂಥ ಬೈಕುಗಳ ತಲೆಕೆಳಗಾದ ಫೋರ್ಕಿನಲ್ಲಿ ಜೋಡಣೆಯೇ ಬೇರೆ. ಅಲ್ಲಿ ಸ್ಪ್ರಿಂಗ್ ಅದುಮಿ ಹಿಡಿಯುವ ಉಪಕರಣಕ್ಕೆ ಕಸಬರಿಗೆ ಹಿಡಿ ಸಾಟಿಯಲ್ಲ. ವಾರಂಟಿ ಉಳಿದಿರುವ ಬೈಕನ್ನೂ ಮನೆಯಲ್ಲಿ ಬಿಚ್ಚದಿರುವುದೇ ಲೇಸು. ಹಳೆ ಎಣ್ಣೆಯನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ. ಡಬ್ಬಿಯಲ್ಲಿ ತುಂಬಿಟ್ಟು, ಎಂಜಿನ್ ಆಯಿಲ್ ಬದಲಿಸಲು ಹೋದಾಗ ಸರ್ವೀಸ್ ಸ್ಟೇಷನ್ನಿನ ಪೀಪಾಯಿಗೆ ಸೇರಿಸಿದರಾಯಿತು.

ಮೊದಲ ಕೆಲವು ದಿನ ಪೈಪಿನ ಮೇಲೆ ತೆಳು ಜಿಡ್ಡು ಕಂಡರೆ ಗಾಬರಿ ಬೇಡ. ಜೋಡಿಸುವಾಗ ಸವರಿದ ಎಣ್ಣೆ ಹಾಗೆ ಹೊರಬರುತ್ತದೆ, ಒರೆಸಿದರೆ ನಿಲ್ಲುತ್ತದೆ. ವಾರ ಕಳೆದರೂ ಉಂಗುರ ಕಟ್ಟುತ್ತಿದ್ದರೆ ಅದು ಒಂದೇ ಕಾಲಿನಲ್ಲೋ ಎರಡರಲ್ಲೋ ಎಂದು ನೋಡಬೇಕು. ಎರಡರಲ್ಲೂ ಇದ್ದರೆ ಮೊದಲ ಅನುಮಾನ ಎಣ್ಣೆಯ ಪ್ರಮಾಣದ ಮೇಲೆ. ಒಂದರಲ್ಲಿ ಮಾತ್ರ ಇದ್ದರೆ ಆ ಕಾಲಿನ ಡಸ್ಟ್ ಸೀಲ್ ಎತ್ತಿ, ಪೈಪಿನ ಮೇಲೆ ಮತ್ತೊಮ್ಮೆ ಉಗುರಾಡಿಸಿ ಹುಡುಕಬೇಕು.